ಹಳೆಯ ಸೀರೆಯಿಂದ ಮಗುವಿನ ಕೌದಿ: ಕಡಿಮೆ ಖರ್ಚಿನ ಉಡುಗೊರೆಯನ್ನು ಮನೆಯಲ್ಲೇ ಹೊಲಿಯುವ ಬಗೆ

ದಾವಣಗೆರೆ ಮತ್ತು ಚಿತ್ರದುರ್ಗ ಕಡೆಯ ಓದುಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ. ನೆಂಟರ ಮನೆಯಲ್ಲಿ ನಾಮಕರಣವಿದೆ, ಕೈಯಲ್ಲಿ ಹೆಚ್ಚು ಹಣವಿಲ್ಲ, ಹೊಲಿಗೆ ಅಷ್ಟಿಷ್ಟು ಬರುತ್ತದೆ. ಕೊಟ್ಟವರಿಗೂ ಪಡೆದವರಿಗೂ ಸಮಾಧಾನವಾಗುವಂಥದ್ದನ್ನು ಮನೆಯಲ್ಲೇ ಏನು ಮಾಡಬಹುದು? ನನ್ನ ಉತ್ತರ ಕೌದಿ. ಜುಬ್ಲಾ, ಕುಲಾವಿ, ಕುಂಚಿಗೆಗಳನ್ನು ಬಂದವರೆಲ್ಲ ತರುತ್ತಾರೆ, ಅವು ಕೆಲವೇ ತಿಂಗಳಲ್ಲಿ ಚಿಕ್ಕದಾಗಿ ಪೆಟ್ಟಿಗೆ ಸೇರುತ್ತವೆ. ಕೌದಿಯಾದರೋ ಮಗು ಮಗುಚುವಾಗ, ಅಂಬೆಗಾಲಿಡುವಾಗ, ಶಾಲೆಗೆ ಹೋಗುವ ವಯಸ್ಸಿನಲ್ಲಿಯೂ ಬಳಕೆಗೆ ಬರುತ್ತದೆ. ಬಟ್ಟೆ ಮನೆಯಲ್ಲೇ ಇರುವುದರಿಂದ ಖರ್ಚು ಅಸ್ತರು ಮತ್ತು ದಾರಕ್ಕೆ ಮಾತ್ರ ಬೀಳುತ್ತದೆ.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಮನೆಯಲ್ಲಿ ಹೊಲಿದ ಕೌದಿ ಹಾಳಾಗುವುದು ಹೊಲಿಗೆ ಸೊಟ್ಟಗಾದದ್ದರಿಂದಲ್ಲ, ಮೊದಲ ಒಗೆತದಲ್ಲಿ. ಒಂದು ತುಂಡು ಕುಗ್ಗುತ್ತದೆ, ಇನ್ನೊಂದು ಬಣ್ಣ ಬಿಡುತ್ತದೆ, ಮತ್ತೊಂದು ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಆದ್ದರಿಂದ ಈ ಲೇಖನದಲ್ಲಿ ಬಟ್ಟೆಯನ್ನು ಆರಿಸುವ ಮತ್ತು ತೊಳೆಯುವ ಹಂತಗಳಿಗೆ ಹೊಲಿಗೆಯಷ್ಟೇ ಜಾಗ ಕೊಟ್ಟಿದ್ದೇನೆ. ಆ ಭಾಗವನ್ನು ಹಾರಿಸಿ ನೇರವಾಗಿ ಕತ್ತರಿ ಹಿಡಿಯಬೇಡಿ.

ಬೇಕಾಗುವ ಸಾಮಾನು

ಇಲ್ಲಿ ವಿವರಿಸುವ ಕೌದಿಯ ಸಿದ್ಧ ಅಳತೆ 31 ಇಂಚು ಅಗಲ, 37 ಇಂಚು ಉದ್ದ. ಮೇಲ್ಪದರಕ್ಕೆ 7 ಇಂಚಿನ 30 ಚೌಕಗಳು ಬೇಕು. ಸಾಮಾನ್ಯ ಸೀರೆಯ ಪನ್ನ, ಅಂದರೆ ಅಗಲ, ಸುಮಾರು 45 ಇಂಚು ಇರುವುದರಿಂದ ಅಡ್ಡಕ್ಕೆ 6 ಚೌಕಗಳು ಬರುತ್ತವೆ. ಲೆಕ್ಕ ಹಾಕಿದರೆ ಸೀರೆಯ 35 ಇಂಚು ಉದ್ದ ಸಾಕು. ಎರಡು ಮೂರು ಸೀರೆಗಳಿಂದ ಆರಿಸಿಕೊಂಡರೆ ಮೇಲ್ಪದರ ಚೆನ್ನಾಗಿ ಕಾಣುತ್ತದೆ. ನಡುವಿನ ಪದರಕ್ಕೆ ಒಂದು ಹಳೆಯ ಬಿಳಿ ಪಂಚೆ ಸಾಕು. ಬೆನ್ನಿನ ಬಟ್ಟೆಗೆ, ಅಂದರೆ ಕೆಳಗಿನ ಅಸ್ತರಿಗೆ, 44 ಇಂಚು ಪನ್ನದ ಹತ್ತಿ ಪಾಪ್ಲಿನ್ ಒಂದೂಕಾಲು ಮೀಟರ್ ಕೊಳ್ಳಿ. 36 ಇಂಚು ಪನ್ನದ್ದು ಅಗ್ಗವೆಂದು ಅದನ್ನೇ ತಂದರೆ ಕುಗ್ಗಿದ ಮೇಲೆ ಅಂಚು ಮಡಚಲು ಬಟ್ಟೆ ಸಾಲುವುದಿಲ್ಲ.

ಪದರಗಳನ್ನು ಸೇರಿಸುವ ಕೌದಿಯ ಹೊಲಿಗೆಗೆ ಆರು ಎಳೆಯ ಕಸೂತಿ ದಾರದ 8 ಮೀಟರಿನ ಲಡಿಗಳು ಮೂರು ಬೇಕು. ಪ್ರತಿ ಲಡಿಯನ್ನು ಮೂರು ಮೂರು ಎಳೆಗಳಾಗಿ ಬಿಡಿಸಿದರೆ 16 ಮೀಟರ್ ಸಿಗುತ್ತದೆ. ಒಂದು ಇಂಚಿನ ಅಂತರದಲ್ಲಿ ಸಾಲು ಹಾಕಿದರೆ ಸುಮಾರು 40 ಮೀಟರ್ ದಾರ ಹಿಡಿಯುವುದರಿಂದ ಮೂರು ಲಡಿಗಳಲ್ಲಿ ಕೆಲಸ ಮುಗಿದು ಸ್ವಲ್ಪ ಉಳಿಯುತ್ತದೆ. ಅರ್ಧ ಇಂಚಿಗೊಂದು ಸಾಲು ಬೇಕೆನ್ನುವವರು ಇಮ್ಮಡಿ ದಾರ ತರಬೇಕು. ಕೈಸೂಜಿ 5 ಅಥವಾ 6ನೇ ನಂಬರಿನ ಕಸೂತಿ ಸೂಜಿಯಾಗಿರಲಿ. ಕೈಸೂಜಿಯಲ್ಲಿ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣದಾಗುತ್ತದೆ, ಹೊಲಿಗೆ ಯಂತ್ರದ ಸೂಜಿಯಲ್ಲಿ ನಂಬರು ಹೆಚ್ಚಿದಷ್ಟೂ ದಪ್ಪವಾಗುತ್ತದೆ. ಅಂಗಡಿಯಲ್ಲಿ ಬಹಳ ಮಂದಿ ತಪ್ಪುವುದು ಇಲ್ಲಿಯೇ. ಯಂತ್ರಕ್ಕೆ 14ನೇ ನಂಬರು ಸರಿ. ಉಳಿದಂತೆ ಕತ್ತರಿ, ಅಳತೆ ಟೇಪು, ಸೀಮೆಸುಣ್ಣ, ಗುಂಡುಸೂಜಿ ಮತ್ತು ಇಸ್ತ್ರಿ ಪೆಟ್ಟಿಗೆ ಸಾಕು. ಯಂತ್ರವಿಲ್ಲದವರು ಪೂರ್ತಿ ಕೈಯಿಂದಲೇ ಹೊಲಿಯಬಹುದು.

ಪಾಪ್ಲಿನ್ನನ್ನು ದಾವಣಗೆರೆಯವರು ಚೌಕಿಪೇಟೆ ಕಡೆ, ಚಿತ್ರದುರ್ಗದವರು ಲಕ್ಷ್ಮೀ ಬಜಾರಿನಲ್ಲಿ ಹುಡುಕಬಹುದು. ಯಾವ ಊರಿನ ಮ್ಯಾಚಿಂಗ್ ಸೆಂಟರಿನಲ್ಲಾದರೂ ಸಿಗುತ್ತದೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿಯೂ ಈಗ ‘ಕಾಟನ್’ ಎಂದು ಕೇಳಿದರೆ ಅರ್ಧ ಪಾಲು ಟೆರಿಕಾಟ್ ಕೈಗೆ ಬರುವ ಸಂಭವವಿದೆ. ಟೆರಿಕಾಟ್ ಎಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯನ್ನು ಬೆರೆಸಿ ನೇಯ್ದ ಬಟ್ಟೆ. ‘ಪೂರ್ತಿ ಹತ್ತಿಯದೇ ಕೊಡಿ’ ಎಂದು ಬಿಡಿಸಿ ಕೇಳಿ.

ಹಂತ 1: ಬಟ್ಟೆ ಕೇಳುವುದು ಮತ್ತು ಆರಿಸುವುದು

ನಮ್ಮ ಕಡೆ ಹುಟ್ಟಿದ ಮಗುವನ್ನು ಮೊದಲು ಹಳೆಯ ಮೆತ್ತನೆ ಬಟ್ಟೆಯಲ್ಲಿಯೇ ಸುತ್ತುವುದು ರೂಢಿ. ಆದರೂ ಹೊರಗಿನವರು ತಮ್ಮ ಮನೆಯ ಹಳೆಯ ಬಟ್ಟೆಯಿಂದ ಉಡುಗೊರೆ ಮಾಡಿ ತಂದರೆ ‘ಹಳೇದನ್ನು ಕೊಟ್ಟರು’ ಎಂಬ ಮಾತು ಬರುವುದುಂಟು. ಇದಕ್ಕೆ ಸುಲಭವಾದ ದಾರಿಯಿದೆ. ಬಾಣಂತಿಯ ತಾಯಿಯನ್ನೋ ಅತ್ತೆಯನ್ನೋ ಕೇಳಿ ಅವರದೇ ಒಂದು ಉಟ್ಟ ಹತ್ತಿ ಸೀರೆಯನ್ನು ಪಡೆದುಕೊಳ್ಳಿ. ಅಜ್ಜಿಯ ಸೀರೆಯ ಕೌದಿ ಎಂದ ಮೇಲೆ ಯಾರೂ ಕೊಂಕು ಆಡುವುದಿಲ್ಲ, ನಿಮಗೂ ಬಟ್ಟೆಯ ಖರ್ಚಿಲ್ಲ. ತೀರಿಕೊಂಡವರ ಬಟ್ಟೆಯನ್ನು ಕೆಲವರು ಪ್ರೀತಿಯಿಂದ ಬಳಸುತ್ತಾರೆ, ಕೆಲವರು ಮಗುವಿನ ಹತ್ತಿರಕ್ಕೂ ತರುವುದಿಲ್ಲ, ಕೇಳದೆ ಬಳಸಬಾರದು. ನಾಮಕರಣದ ಉಡುಗೊರೆಯಲ್ಲಿ ಕಪ್ಪು ತುಂಡುಗಳನ್ನು ಬಿಟ್ಟುಬಿಡುವುದೂ ಒಳ್ಳೆಯದು. ಇನ್ನು ಹೆರಿಗೆಗೆ ಮುಂಚೆ ಮಗುವಿನ ವಸ್ತುಗಳನ್ನು ಸಿದ್ಧಪಡಿಸಬಾರದೆಂಬ ನಂಬಿಕೆಯಿರುವ ಮನೆಗಳಿವೆ. ಅಂಥ ಮನೆಯದಾದರೆ ಬಟ್ಟೆ ತೊಳೆದು ಕತ್ತರಿಸಿ ಇಟ್ಟುಕೊಂಡು, ಹುಟ್ಟಿದ ಸುದ್ದಿ ಬಂದ ಮೇಲೆ ಹೊಲಿಯಿರಿ.

ಉಡಿ ತುಂಬುವಾಗ ಬಂದ ಬ್ಲೌಸ್ ಪೀಸುಗಳು ಎಲ್ಲರ ಮನೆಯಲ್ಲಿಯೂ ರಾಶಿ ಬಿದ್ದಿರುತ್ತವೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೊಲಿಗೆ ಕಾಣದೆಯೇ ಸುತ್ತುತ್ತಿರುತ್ತವೆ. ಅವುಗಳಲ್ಲಿ ಪಾಲಿಯೆಸ್ಟರ್ ಬಹಳ. ಗುರುತಿಸಲು ಅಂಚಿನಿಂದ ಎರಡು ಮೂರು ಎಳೆಗಳನ್ನು ಕಿತ್ತು, ಚಿಮಟದಲ್ಲಿ ಹಿಡಿದು, ಮಕ್ಕಳಿಲ್ಲದ ಜಾಗದಲ್ಲಿ ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಬೆರಳಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲವಾದ್ದರಿಂದ ಮಗುವಿನ ಮೈಗೆ ತಾಗುವ ಕೌದಿಗೆ ಅದು ಬೇಡ.

ಹಳೆಯ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಬಯಲು ಕಾಣುವ ಭಾಗವನ್ನು ಬಿಡಬೇಕು. ಆಮೇಲೆ ಎರಡು ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಬಿಗಿಯಾಗಿ ಜಗ್ಗಿ. ಸಣ್ಣಗೆ ಚಿಟಿಗುಟ್ಟುವ ಸದ್ದು ಬಂದರೆ ಆ ಬಟ್ಟೆ ಎರಡು ಒಗೆತಕ್ಕಿಂತ ಹೆಚ್ಚು ಬಾಳುವುದಿಲ್ಲ. ಸಾಮಾನ್ಯವಾಗಿ ನಿರಿಗೆ ಹಿಡಿಯುವ ಭಾಗ ಮತ್ತು ಸೊಂಟಕ್ಕೆ ಸಿಕ್ಕಿಸುವ ಅಂಚು ಸವೆದಿರುತ್ತವೆ, ಸೆರಗಿನ ಹತ್ತಿರದ ಒಡಲು ಗಟ್ಟಿಯಾಗಿರುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ತುಂಡು ಎಷ್ಟೇ ಚೆಂದವಿದ್ದರೂ ಹತ್ತಿಯ ಜೊತೆ ಸೇರಿಸಬೇಡಿ. ಎರಡರ ಒಗೆತವೇ ಬೇರೆ. ಚಳ್ಳಕೆರೆ ಕಡೆಯ ಕಂಬಳಿಯನ್ನು ನಡುವಿನ ಪದರಕ್ಕೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಉಣ್ಣೆ ಬಿಸಿನೀರಿನ ಉಜ್ಜಾಟಕ್ಕೆ ಕುಗ್ಗಿ ಗಟ್ಟಿಯಾಗುತ್ತದೆ, ಮೇಲಿನ ಹತ್ತಿ ಹಾಗೆಯೇ ಉಳಿದು ಕೌದಿ ಮುದುಡುತ್ತದೆ. ನಮ್ಮ ಒಣ ಹವೆಗೆ ಅಷ್ಟು ದಪ್ಪವೂ ಬೇಕಿಲ್ಲ.

ಹಂತ 2: ತೊಳೆಯುವುದು

ಹೊಸ ಪಾಪ್ಲಿನ್ನನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಒಗೆದು ಒಣಗಿಸಿ. ನೇಯುವಾಗ ಬಿಗಿಯಾಗಿ ಎಳೆದಿಟ್ಟ ನೂಲು ನೀರು ಕುಡಿದಾಗ ಸಡಿಲಗೊಂಡು ಮೊದಲಿನ ಉದ್ದಕ್ಕೆ ಮರಳುತ್ತದೆ, ಬಟ್ಟೆ ಕುಗ್ಗುವುದು ಇದರಿಂದಲೇ. ಹಳೆಯ ಸೀರೆ ಆಗಲೇ ಕುಗ್ಗಿರುತ್ತದೆ, ಹೊಸ ಅಸ್ತರು ಕುಗ್ಗಿರುವುದಿಲ್ಲ. ಇವೆರಡನ್ನು ಹಾಗೆಯೇ ಜೋಡಿಸಿ ಹೊಲಿದರೆ ಮೊದಲ ಒಗೆತದ ನಂತರ ಮೇಲ್ಪದರವೆಲ್ಲ ಉಬ್ಬಿ ನಿಲ್ಲುತ್ತದೆ, ಮತ್ತು ಅದನ್ನು ಸರಿಪಡಿಸಲು ಇಡೀ ಕೌದಿಯನ್ನು ಬಿಚ್ಚುವುದನ್ನು ಬಿಟ್ಟರೆ ಬೇರೆ ಉಪಾಯವಿಲ್ಲ.

ಬಣ್ಣದ ಪರೀಕ್ಷೆ ಹೀಗೆ ಮಾಡಿ. ಬಿಳಿ ಬಟ್ಟೆಯೊಂದನ್ನು ಬಿಸಿ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿ, ಸೀರೆಯ ಮೇಲೆ ಗಟ್ಟಿಯಾಗಿ ಉಜ್ಜಿ. ಕೆಂಪು, ಮೆರೂನ್ ಮತ್ತು ಗಾಢ ನೀಲಿಗಳನ್ನು ಬಿಡದೆ ಪರೀಕ್ಷಿಸಬೇಕು. ಕಸೂತಿ ದಾರವನ್ನೂ ಮರೆಯಬೇಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಮತ್ತೆರಡು ಸಲ ಬೇರೆಯಾಗಿ ಒಗೆದು ಪುನಃ ಪರೀಕ್ಷಿಸಿ, ಆಗಲೂ ಹತ್ತಿದರೆ ಕೈಬಿಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಸಲಹೆ ಎಲ್ಲ ಮನೆಗಳಲ್ಲಿಯೂ ಕೇಳಿಬರುತ್ತದೆ. ಬಣ್ಣ ಹಾಕುವ ಹಂತದಲ್ಲಿ ಉಪ್ಪಿಗೆ ಕೆಲಸವಿದೆ, ಬಣ್ಣವು ನೀರಿನಿಂದ ನೂಲಿನ ಕಡೆಗೆ ಸರಿಯಲು ಅದು ನೆರವಾಗುತ್ತದೆ. ಆದರೆ ಸರಿಯಾಗಿ ಹಿಡಿಯದೆ ಉಳಿದ ಬಣ್ಣವನ್ನು ಸಿದ್ಧ ಬಟ್ಟೆಯಲ್ಲಿ ಉಪ್ಪು ಕಟ್ಟಿಹಾಕಲಾರದು.

ಕೊಳವೆ ಬಾವಿಯ ಗಡಸು ನೀರು ಬಳಸುವವರು ಒಂದು ವಿಷಯ ಗಮನಿಸಬೇಕು. ಗಡಸು ನೀರಿನಲ್ಲಿ ಬಾರ್ ಸಾಬೂನು ನೊರೆಯಾಗುವ ಬದಲು ಜಿಡ್ಡಾಗಿ ಬಟ್ಟೆಯಲ್ಲೇ ಕೂರುತ್ತದೆ, ಒಣಗಿದ ಮೇಲೆ ಬಟ್ಟೆ ಬಿರುಸಾಗುತ್ತದೆ. ಸಾಧ್ಯವಾದರೆ ನಲ್ಲಿ ನೀರು ಅಥವಾ ಮಳೆನೀರು ಬಳಸಿ, ಇಲ್ಲವೇ ಸಾಬೂನು ಕಡಿಮೆ ಮಾಡಿ ಒಂದೆರಡು ಸಲ ಹೆಚ್ಚಿಗೆ ಜಾಲಿಸಿ. ಬಣ್ಣದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಹಾಕಿ. ಮಡತೆ ಬಿದ್ದ ಬಟ್ಟೆಯ ಮೇಲೆ ಅಳತೆ ಸರಿಬರುವುದಿಲ್ಲ.

ಹಂತ 3: ಕತ್ತರಿಸುವುದು

ಸಿಹಿತಿಂಡಿ ಡಬ್ಬಿಯ ರಟ್ಟಿನಲ್ಲಿ 7 ಇಂಚಿನ ಚೌಕವನ್ನು ಕತ್ತರಿಸಿ, ನಾಲ್ಕೂ ಮೂಲೆಗಳು ಮಟ್ಟವಾಗಿವೆಯೇ ಎಂದು ಪುಸ್ತಕದ ಮೂಲೆಗೆ ಹಿಡಿದು ನೋಡಿಕೊಳ್ಳಿ. ಈ ಅಚ್ಚಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಿ. ಅಚ್ಚಿನ ಅಂಚು ಬಟ್ಟೆಯ ಹಾಸು ಅಥವಾ ಹೊಕ್ಕಿನ ನೇರಕ್ಕೆ ಇರಲೇಬೇಕು. ಹಾಸು ಎಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆ, ಹೊಕ್ಕು ಎಂದರೆ ಅಡ್ಡ ಎಳೆ. ಇವೆರಡಕ್ಕೂ ಓರೆಯಾಗಿ ಕತ್ತರಿಸಿದ ತುಂಡು ಕೈಗೆ ಸಿಕ್ಕಿದಂತೆ ಜಗ್ಗುತ್ತದೆ, ಹೊಲಿಯುವಾಗ ಪಕ್ಕದ ತುಂಡಿಗಿಂತ ಉದ್ದವಾಗುತ್ತದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಂದೇ ಏಟಿಗೆ ಕತ್ತರಿಸುವ ಆಸೆಯನ್ನು ತಡೆದುಕೊಳ್ಳಿ. ಮನೆಯ ಕತ್ತರಿಗೆ ಎರಡು ಮಡಿಕೆಯೇ ಮಿತಿ.

ಹಂತ 4: ಚೌಕಗಳನ್ನು ಜೋಡಿಸುವುದು

ಚೌಕಗಳನ್ನು ನೆಲದ ಮೇಲೆ ಅಡ್ಡಕ್ಕೆ 5, ಉದ್ದಕ್ಕೆ 6ರಂತೆ ಹರಡಿ, ಬಣ್ಣಗಳ ಹೊಂದಿಕೆ ಮೆಚ್ಚಿಗೆಯಾಗುವವರೆಗೆ ಅದಲು ಬದಲು ಮಾಡಿ. ನಿಂತು ದೂರದಿಂದ ನೋಡಿದರೆ ತಪ್ಪು ಬೇಗ ಕಾಣುತ್ತದೆ. ನಂತರ ಪ್ರತಿ ಸಾಲಿನ 5 ಚೌಕಗಳನ್ನು ಒಳಮುಖ ಹೊರಗೆ ಮಾಡಿ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಆರೂ ಸಾಲುಗಳು ಸಿದ್ಧವಾದ ಮೇಲೆ ಸಾಲಿಗೆ ಸಾಲು ಸೇರಿಸಿ. ಆಗ ಮೇಲ್ಪದರ 31 ಇಂಚಿಗೆ 37 ಇಂಚು ಆಗುತ್ತದೆ.

ಸಾಲಿಗೆ ಸಾಲು ಸೇರಿಸುವ ಮುಂಚೆ ಹೊಲಿಗೆಯ ಅಂಚನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನ ಸಾಲಿನಲ್ಲಿ ಬಲಕ್ಕೆ ಮಡಚಿ ಇಸ್ತ್ರಿ ಹಾಕಿ. ಸಾಲುಗಳನ್ನು ಸೇರಿಸುವಾಗ ಎರಡು ಹೊಲಿಗೆಗಳು ಒಂದಕ್ಕೊಂದು ತಡೆದು ನಿಂತು ನಾಲ್ಕು ಮೂಲೆ ಸರಿಯಾಗಿ ಕೂಡುತ್ತವೆ. ಈ ಚಿಕ್ಕ ಕ್ರಮವನ್ನು ಬಿಟ್ಟವರ ಕೌದಿಯಲ್ಲಿ ಮೂಲೆಗಳು ಜಾರಿರುವುದನ್ನು ದೂರದಿಂದಲೇ ಹೇಳಬಹುದು. ಕೈಯಿಂದ ಹೊಲಿಯುವವರು ಇಲ್ಲಿ ಬ್ಯಾಕ್ ಸ್ಟಿಚ್ ಹಾಕಬೇಕು, ಅಂದರೆ ಪ್ರತಿ ಹೊಲಿಗೆಗೂ ಸೂಜಿ ಅರ್ಧ ಹಿಂದೆ ಬಂದು ಮುಂದೆ ಹೋಗಬೇಕು. ಜೋಡಣೆಗೆ ಸಾದಾ ಹೊಲಿಗೆ ಹಾಕಿದರೆ ಜಗ್ಗಿದಾಗ ಬಾಯಿ ಬಿಡುತ್ತದೆ.

ಹಂತ 5: ಪದರ ಹಾಸಿ ಕಚ್ಚಾ ಹೊಲಿಗೆ ಹಾಕುವುದು

ಪಾಪ್ಲಿನ್ನನ್ನು 35 ಇಂಚಿಗೆ 41 ಇಂಚು ಕತ್ತರಿಸಿ, ಒಳಮುಖ ಮೇಲೆ ಮಾಡಿ ನೆಲಕ್ಕೆ ಹರಡಿ, ಮೂಲೆಗಳನ್ನು ಅಂಟುಪಟ್ಟಿಯಿಂದ ಹಿಡಿಸಿ. ಬಿಗಿಯಾಗಿ ಎಳೆಯಬೇಡಿ, ಸುಕ್ಕಿಲ್ಲದಿದ್ದರೆ ಸಾಕು. ಅದರ ಮೇಲೆ 31 ಇಂಚಿಗೆ 37 ಇಂಚು ಕತ್ತರಿಸಿದ ಪಂಚೆಯ ಒಂದು ಅಥವಾ ಎರಡು ಪದರ, ಅದರ ಮೇಲೆ ಚೌಕಗಳ ಪದರ. ಸುತ್ತಲೂ 2 ಇಂಚು ಪಾಪ್ಲಿನ್ ಹೊರಗೆ ಕಾಣಬೇಕು. ಇನ್ನು ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಕಿತ್ತುಹಾಕುವ ತಾತ್ಕಾಲಿಕ ಉದ್ದ ಹೊಲಿಗೆಯನ್ನು, ನಡುವಿನಿಂದ ಹೊರಕ್ಕೆ ಒಂದು ಗೇಣಿಗಿಂತ ಕಡಿಮೆ ಅಂತರದ ಸಾಲುಗಳಲ್ಲಿ ಹಾಕಿ. ಗುಂಡುಸೂಜಿಗಳಿಂದಲೇ ಕೆಲಸ ಸಾಗಿಸುವವರಿದ್ದಾರೆ. ಮಗುವಿನ ವಸ್ತುವಿನಲ್ಲಿ ಮರೆತುಹೋದ ಒಂದು ಗುಂಡುಸೂಜಿ ಎಂದರೇನೆಂದು ಯೋಚಿಸಿ, ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಹಂತ 6: ಕೌದಿಯ ಹೊಲಿಗೆ

ಮನೆ ಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಿದ್ದರು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕವಂದಿಯೂ, ಅಂದರೆ ಅವರ ಕೌದಿಯೂ, ಹೀಗೆಯೇ ಹೊರಗಿನಿಂದ ಒಳಕ್ಕೆ ಬರುತ್ತದೆ. ನೋಡಲು ಅದೇ ಚೆಂದ. ಆದರೆ ಎಡಗೈಯಿಂದ ಬಟ್ಟೆಯನ್ನು ತೀಡುತ್ತ ಹೋಗುವ ಅಭ್ಯಾಸ ಅವರಿಗಿತ್ತು. ಹೊಸಬರು ಹಾಗೆ ಮಾಡಿದರೆ ಉಳಿದ ಸಡಿಲವೆಲ್ಲ ನಡುವೆ ಸೇರಿ ಗುಬ್ಬಟೆಯಾಗುತ್ತದೆ. ಆದ್ದರಿಂದ ಮೊದಲ ಕೌದಿಯನ್ನು ನಡುವಿನ ಸಾಲಿನಿಂದ ಆರಂಭಿಸಿ ಎರಡೂ ಕಡೆಗೆ ನೇರ ಸಾಲುಗಳಲ್ಲಿ ಹೊಲಿಯುವುದು ಲೇಸು. ಸಾಲಿನಿಂದ ಸಾಲಿಗೆ ಒಂದು ಇಂಚು ಅಂತರವಿರಲಿ.

ಇಲ್ಲಿ ಬೇಕಾದದ್ದು ರನ್ನಿಂಗ್ ಸ್ಟಿಚ್, ಅಂದರೆ ಸೂಜಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುವ ಸಾದಾ ಹೊಲಿಗೆ. ಮೂರು ಎಳೆಯ ದಾರವನ್ನು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ, ಉದ್ದ ದಾರ ಬಟ್ಟೆಯೊಳಗೆ ಹಾಯ್ದು ಹಾಯ್ದು ಜೂಲಾಗುತ್ತದೆ. ಗಂಟನ್ನು ಪದರಗಳ ನಡುವೆ ಎಳೆದು ಅಡಗಿಸಿ. ಹೊಲಿಗೆಗಳು ಕಾಲು ಇಂಚಿಗಿಂತ ಉದ್ದವಾದರೆ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುವ ಅಪಾಯವಿದೆ. ಎಲ್ಲ ಹೊಲಿಗೆಗಳೂ ಒಂದೇ ಅಳತೆಯಲ್ಲಿ ಬರಲಿಲ್ಲವೆಂದು ಬಿಚ್ಚುತ್ತ ಕೂರಬೇಡಿ, ಮೊದಲ ಒಗೆತದಲ್ಲಿ ಬಟ್ಟೆ ಸ್ವಲ್ಪ ಮುದುಡಿ ಆ ಏರುಪೇರು ಮುಚ್ಚಿಹೋಗುತ್ತದೆ. ಅಲ್ಲಲ್ಲಿ ಕೆಳಗಿನ ಮುಖವನ್ನು ತಿರುಗಿಸಿ ನೋಡುವುದನ್ನು ಮಾತ್ರ ತಪ್ಪಿಸಬೇಡಿ; ಸೂಜಿ ಮೇಲಿನ ಎರಡು ಪದರಗಳನ್ನಷ್ಟೇ ಹಿಡಿದು ಅಸ್ತರನ್ನು ಬಿಟ್ಟಿರುವುದು ಸಾಮಾನ್ಯ.

ಕನ್ನಡಿ, ಟಿಕಳಿ, ಗುಂಡಿ, ಜರಿ ಅಂಚು, ಕುಚ್ಚು, ಇವು ಯಾವುವೂ ಮಗುವಿನ ಕೌದಿಗೆ ಬೇಡ. ಕಿತ್ತುಬಂದದ್ದೆಲ್ಲ ಬಾಯಿಗೆ ಹೋಗುತ್ತದೆ, ಜರಿ ಮೈಯನ್ನು ಗೀರುತ್ತದೆ.

ಹಂತ 7: ಅಂಚು ಕಟ್ಟುವುದು

ಹೊರಗೆ ಕಾಣುವ 2 ಇಂಚು ಪಾಪ್ಲಿನ್ನನ್ನು ಮೊದಲು ಒಂದು ಇಂಚು ಮಡಚಿ ಮೇಲ್ಪದರದ ಅಂಚಿಗೆ ತಾಗಿಸಿ, ಮತ್ತೊಮ್ಮೆ ಮಡಚಿ ಮೇಲ್ಪದರದ ಮೇಲೆ ತನ್ನಿ. ಒಂದು ಇಂಚು ಅಗಲದ ಪಟ್ಟಿ ಸಿದ್ಧವಾಗುತ್ತದೆ. ಮೊದಲು ಎದುರುಬದುರಿನ ಎರಡು ಉದ್ದ ಅಂಚುಗಳನ್ನು, ಆಮೇಲೆ ಅಗಲದ ಅಂಚುಗಳನ್ನು ಹೊಲಿಯಿರಿ. ಹೊರಸಾಲಿನ ಚೌಕಗಳು ಒಳಗಿನವಕ್ಕಿಂತ ಅರ್ಧ ಇಂಚು ಕಿರಿದಾಗಿ ಕಾಣುತ್ತವೆ, ಅದು ತಪ್ಪಲ್ಲ. ಮೂಲೆಯಲ್ಲಿ ಬಟ್ಟೆ ದಪ್ಪವಾಗಿ ಸೂಜಿ ಮುರಿಯುವಂತಿದ್ದರೆ ಒಳಗಿನ ಮಡಿಕೆಯ ತುದಿಯನ್ನು ಸ್ವಲ್ಪ ಕತ್ತರಿಸಿ ತೆಗೆಯಿರಿ. ಕೊನೆಗೆ ಕಚ್ಚಾ ಹೊಲಿಗೆಯನ್ನು ಕಿತ್ತು, ಒಮ್ಮೆ ಒಗೆದು, ಅಂಗೈಯಿಂದ ಇಡೀ ಕೌದಿಯನ್ನು ಒತ್ತಿ ಸವರಿ ಸೂಜಿಯೇನಾದರೂ ಉಳಿದಿದೆಯೇ ಎಂದು ಪರೀಕ್ಷಿಸಿ. ಬಳಸಿದ ಸೂಜಿಗಳನ್ನು ಆರಂಭದಲ್ಲಿಯೇ ಎಣಿಸಿಟ್ಟುಕೊಂಡಿದ್ದರೆ ಈ ಆತಂಕವೇ ಇರುವುದಿಲ್ಲ.

ಕೊಡುವಾಗ ಹೇಳಬೇಕಾದದ್ದು

ಒಂದು ವರ್ಷ ತುಂಬದ ಮಗು ಮಲಗಿರುವಾಗ ಸಡಿಲವಾದ ಹೊದಿಕೆ ಮತ್ತು ದಿಂಬುಗಳನ್ನು ಹತ್ತಿರ ಇಡಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಬಿದ್ದ ಬಟ್ಟೆಯನ್ನು ಸರಿಸಿಕೊಳ್ಳಲು ಎಳೆಗೂಸಿಗೆ ಆಗುವುದಿಲ್ಲ. ಆದ್ದರಿಂದ ಈ ಕೌದಿ ಮೊದಲ ವರ್ಷ ಮಗು ಎಚ್ಚರವಿರುವಾಗ ನೆಲದ ಮೇಲೆ ಹಾಸಿ ಆಡಿಸುವುದಕ್ಕೆ, ಹೊದೆಸುವುದಕ್ಕಲ್ಲ ಎಂದು ಬಾಣಂತಿಗೆ ಬಿಡಿಸಿ ಹೇಳಿ. ಇದೇ ಕಾರಣಕ್ಕೆ ರಾಗಿ ದಿಂಬು, ಸಾಸಿವೆ ದಿಂಬು ಹೊಲಿಯುವ ವಿಧಾನವನ್ನು ಇಲ್ಲಿ ಕೊಟ್ಟಿಲ್ಲ. ಹೊಲಿಗೆ ಬಿಚ್ಚಿ ಕಾಳು ಮಗುವಿನ ಮೂಗಿಗೋ ಗಂಟಲಿಗೋ ಹೋಗುವ ಭಯ ಬೇರೆ.

ಒಗೆಯುವ ವಿಧಾನವನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ: ತಣ್ಣೀರು, ಕಡಿಮೆ ಸಾಬೂನು, ಬ್ರಷ್ ಬೇಡ, ಕಲ್ಲಿಗೆ ಬಡಿಯಬಾರದು, ನೆರಳಿನಲ್ಲಿ ಒಣಗಿಸಬೇಕು.

ಉಳಿದ ಬಟ್ಟೆಯಿಂದ ಒಂದು ಸಂಚಿ

ಉಡುಗೊರೆ ಕಾಗದಕ್ಕೆ ಹಣ ಹಾಕುವ ಬದಲು ಉಳಿದ ಬ್ಲೌಸ್ ಪೀಸಿನಲ್ಲಿಯೇ ಕೌದಿಯನ್ನು ಸುತ್ತಿಕೊಡಬಹುದು. ಮನೆಯಲ್ಲಿರುವ ಅಜ್ಜಿಗೆ ಎಲೆ ಅಡಿಕೆ ಸಂಚಿಯೊಂದನ್ನು ಮಾಡಿಕೊಟ್ಟರೆ, ಅದರಲ್ಲಿಯೂ ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ, ಕೌದಿಗಿಂತ ಅದಕ್ಕೇ ಹೆಚ್ಚು ಮೆಚ್ಚುಗೆ ಸಿಕ್ಕರೂ ಆಶ್ಚರ್ಯವಿಲ್ಲ. ಪಕ್ಕಕ್ಕಿಟ್ಟ ರೇಷ್ಮೆ ತುಂಡು ಇಲ್ಲಿ ಕೆಲಸಕ್ಕೆ ಬರುತ್ತದೆ.

8 ಇಂಚು ಅಗಲ, 20 ಇಂಚು ಉದ್ದದ ತುಂಡನ್ನು ಒಳಮುಖ ಹೊರಗೆ ಮಾಡಿ ಅರ್ಧಕ್ಕೆ ಮಡಚಿ. ಎರಡೂ ಪಕ್ಕಗಳನ್ನು ಅರ್ಧ ಇಂಚು ಬಿಟ್ಟು ಹೊಲಿಯಿರಿ, ಆದರೆ ಬಾಯಿಯಿಂದ ಕೆಳಕ್ಕೆ 3 ಇಂಚು ಹೊಲಿಯದೆ ಬಿಡಿ. ಬಿಟ್ಟ ಭಾಗದ ಪಕ್ಕದ ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿದು, ಬಾಯಿಯ ಅಂಚನ್ನು ಕಾಲು ಇಂಚು ಮಡಚಿ, ಪುನಃ ಒಂದೂವರೆ ಇಂಚಿನ ಗೆರೆಯಲ್ಲಿ ಕೆಳಕ್ಕೆ ಮಡಚಿ ಹೊಲಿದರೆ ಲಾಡಿ ಹಾಯುವ ಗೂಡು ಆಗುತ್ತದೆ. 20 ಇಂಚಿನ ಎರಡು ಲಾಡಿಗಳಲ್ಲಿ ಒಂದನ್ನು ಬಲದಿಂದ ಹಾಕಿ ಸುತ್ತಿಸಿ ಬಲದಲ್ಲೇ ಗಂಟು ಹಾಕಿ, ಇನ್ನೊಂದನ್ನು ಎಡದಿಂದ ಹಾಕಿ ಎಡದಲ್ಲೇ ಗಂಟು ಹಾಕಿ. ಎರಡೂ ಕಡೆ ಜಗ್ಗಿದರೆ ಬಾಯಿ ಬಿಗಿಯಾಗಿ ಮುಚ್ಚುತ್ತದೆ. ಲಾಡಿಯಿರುವ ಈ ಸಂಚಿಯನ್ನು ಮಗುವಿನ ಕೈಗೆ ಮಾತ್ರ ಕೊಡಬಾರದು.